ಸತ್ತವರ ಪಾಲಿನ ಪೆಟ್ಟು

"ನಿಲ್ಲಿಸಬ್ಯಾಡ ಅಪ್ಪಾ, ಇನ್ನೊಂದ್ ಸುತ್ತು ಬಾರಿಸು," ಎಂದು ಹುಲಿಗೆಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದು ಹೇಳಿದಳು. ಹೇಳಿದ್ದು ಅವನಿಗೆ ಕೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಪ್ಪ ಯಮನಪ್ಪನ ಫೋನು ಅವನ ಅಂಗಿಯ ಕಿಸೆಯಲ್ಲಿತ್ತು, ಕಿಸೆಯಿಂದ ಗೇಣು ದೂರಕ್ಕೆ ಹಲಗಿ ವಾದ್ಯ ತೂಗುತ್ತಿತ್ತು, ಸುತ್ತ ಕರಿಹಾಳದ ಮಸಣದ ಗಾಳಿ. ಮೂರು ಪೆಟ್ಟು ಬಿದ್ದವು. ಆಮೇಲೆ ಏನೂ ಇಲ್ಲ. ಒಂದು ಸೆಕೆಂಡು, ಎರಡು, ಮೂರು. ಆ ಖಾಲಿಯಲ್ಲಿ ಅಪ್ಪನ ಉಸಿರಿಗೆ ಕಿಸೆಯ ಬಟ್ಟೆ ಉಜ್ಜುವುದು ಕೇಳಿಸಿತು. ಮತ್ತೆ ಮೂರು ಪೆಟ್ಟು.

ಅವಳ ಕಣ್ಣು ಎದುರಿನ ಗೋಡೆಯ ಮೇಲಿತ್ತು. ನಲವತ್ತೊಂದನೆಯ ದೇಶ, ಏಳನೆಯ ಸೀಮೆ, ಇವತ್ತಿನ ಸಾವು: ಸೊನ್ನೆ.

ಸದ್ದು ಕೇಳಿದ ಮೇಲೆ ಗೋಡೆಯ ಅಂಕಿ ಏರಲು ನಾಲ್ಕು ನಿಮಿಷ ಸಾಕು. ಅವಳು ನಾಲ್ಕು ನಿಮಿಷ ಕಾದಳು. ಹತ್ತು ನಿಮಿಷ ಕಾದಳು. ಫೋನಿನಲ್ಲಿ ಗುದ್ದಲಿಯ ಸದ್ದು ಬಂತು, ಮಣ್ಣು ಬೀಳುವ ಸದ್ದು ಬಂತು, ಯಾರೋ ಕೆಮ್ಮಿದರು, ಅಪ್ಪನ ಹಲಗಿ ನಿಂತಿತು. ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಹಾಗಾದರೆ ಈಗ ಮಣ್ಣಿಗೆ ಹೋದ ಫಕೀರಪ್ಪ, ಯಮನಪ್ಪನ ಒಡಹುಟ್ಟಿದ ತಮ್ಮ, ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಊರು ಸುತ್ತಿಸಿದ ಕಾಕಾ, ಜಗತ್ತಿನ ಲೆಕ್ಕದಲ್ಲಿ ಸತ್ತೇ ಇರಲಿಲ್ಲ.

ಈ ಗೋಡೆ ಇದ್ದದ್ದು ಧಾರವಾಡದ ಹೊರಗೆ, ಮುಚ್ಚಿಹೋದ ಒಂದು ಹತ್ತಿ ಗಿರಣಿಯೊಳಗಿನ ಶ್ರವಣ ಕೇಂದ್ರದಲ್ಲಿ. ಹಿಂದಿನ ಸಾಂಕ್ರಾಮಿಕದ ಕಾಲಕ್ಕೆ ಒಂದೊಂದು ದೇಶ ತನಗೆ ತೋಚಿದ ಅಂಕಿ ಹೇಳಿತ್ತು. ಕೆಲವು ಮೂರು ಸಾವಿಗೆ ಒಂದು ಹೇಳಿದವು, ಕೆಲವು ಹತ್ತಕ್ಕೆ ಒಂದು. ಆ ಅಂಕಿಗಳನ್ನು ನಂಬಿ ಬಾಗಿಲು ತೆರೆದವರು ಸತ್ತರು. ಆಗ ಡಾ. ವತ್ಸಲಾ ಕುಲಗೋಡ ಎಂಬ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕಿಗೆ ಹೊಳೆದದ್ದು ತೀರ ಸರಳ ಸಂಗತಿ. ಸರ್ಕಾರ ಹೆಣ ಮುಚ್ಚಿಡಬಹುದು, ಮನೆಯವರು ಮುಚ್ಚಿಡುವುದಿಲ್ಲ. ಅವರು ಸದ್ದು ಮಾಡುತ್ತಾರೆ. ಪೋರ್ಚುಗಲ್ಲಿನ ಹಳ್ಳಿಗಳಲ್ಲಿ ಇಗರ್ಜಿಯ ಗಂಟೆ ನಿಧಾನಕ್ಕೆ ಬಡಿಯುತ್ತದೆ. ತುರ್ಕಿಯಲ್ಲಿ ಸಾವಿನ ಸುದ್ದಿಗೆ ಮಿನಾರದಿಂದ ಬೇರೆಯದೇ ರಾಗ ಬರುತ್ತದೆ. ಘಾನಾದಲ್ಲಿ ಡೋಲು, ಕೊಡಗಿನಲ್ಲಿ ಜೋಡಿ ಗುಂಡು, ನಮ್ಮ ಬಯಲುಸೀಮೆಯಲ್ಲಿ ಹಲಗಿ. ಇವನ್ನು ಎಣಿಸಿದರೆ ಸಾವು ಎಣಿಸಿದಂತೆ.

ಹೀಗೆ ಬುತ್ತಿಡಬ್ಬಿಯಷ್ಟು ದೊಡ್ಡ ಬೂದು ಪೆಟ್ಟಿಗೆಗಳು ಅರವತ್ತಮೂರು ದೇಶಗಳ ಶಾಲೆಯ ಮಾಡು, ನೀರಿನ ಟಾಕಿ, ವಿದ್ಯುತ್ ಕಂಬಗಳ ಮೇಲೆ ಕೂತವು. ಜನ ಅವನ್ನು ಕಿವಿ ಎಂದೇ ಕರೆದರು. ಮನುಷ್ಯರ ಮಾತು ಪೆಟ್ಟಿಗೆಯೊಳಗೇ ಅಳಿಸಿಹೋಗುತ್ತಿತ್ತು, ಬಡಿತ ಮಾತ್ರ ಮುಂದೆ ಬರುತ್ತಿತ್ತು. ಫಕೀರಪ್ಪ ಇದನ್ನು ನಂಬಲಿಲ್ಲ. ದಿನಾ ಬೆಳಿಗ್ಗೆ ಚಹಾ ಕುಡಿಯಲು ಹೋಗುವಾಗ ಕಂಬದ ಕೆಳಗೆ ನಿಂತು, ಏ ಹುಲಿಗಿ, ಚಾ ಆತೇನು, ಎಂದು ಕೇಳಿ ಹೋಗುತ್ತಿದ್ದ. ಮಾತು ತನಗೆ ಮುಟ್ಟುವುದಿಲ್ಲವೆಂದು ಅವಳು ಫೋನು ಮಾಡಿ ಹೇಳಿದ ಮೇಲೆ, ಮರುದಿನದಿಂದ ಬೆರಳಿನಿಂದ ಕಬ್ಬಿಣದ ಕಂಬಕ್ಕೆ ಮದುವೆಯ ಬಡಿತ ಬಡಿದು ಹೋಗತೊಡಗಿದ. ಅದು ಮುಟ್ಟಿತು. ಸಾವಿನ ಸದ್ದಲ್ಲವಾದ್ದರಿಂದ ಗೋಡೆಗೆ ಏರದೆ ಹೊಟ್ಟಿನ ಬುಟ್ಟಿಗೆ ಬೀಳುತ್ತಿತ್ತು. ಎಣಿಕೆಗೆ ಬಾರದ ಸದ್ದೆಲ್ಲ ಹೋಗಿ ಬೀಳುವ ಕಡತಕ್ಕೆ ಕೇಂದ್ರದಲ್ಲಿ ಆ ಹೆಸರು. ಹುಲಿಗೆಮ್ಮ ಬೆಳಿಗ್ಗೆ ಬಂದು ಮೊದಲು ನೋಡುತ್ತಿದ್ದದ್ದು ಆ ಬುಟ್ಟಿಯ ಒಂದು ಸಾಲನ್ನಷ್ಟೇ: ಏಳು ಗಂಟೆ ನಾಲ್ಕು ನಿಮಿಷ, ಮದುವೆ ಬಡಿತ, ತಿರಸ್ಕೃತ. ಕಾಕಾ ಚಹಾಕ್ಕೆ ಹೊರಟ.

ಕೇಂದ್ರದಲ್ಲಿ ದೇಶಗಳಿಗೆ ಹೆಸರಿರಲಿಲ್ಲ, ಸಂಖ್ಯೆ ಇತ್ತು. ಕೇಳುವವರಿಗೆ ತಮ್ಮದೆಂಬ ಮೋಹ, ಪರರದೆಂಬ ಉದಾಸೀನ ಬರಬಾರದೆಂದು ವತ್ಸಲಾ ಮೇಡಂ ಮಾಡಿದ ನಿಯಮ ಅದು. ಆದರೂ ತನ್ನ ಸೀಮೆ ಯಾವುದೆಂದು ಹುಲಿಗೆಮ್ಮನಿಗೆ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಗೊತ್ತಾಗಿತ್ತು. ಗೊತ್ತು ಮಾಡಿಕೊಟ್ಟವನು ಕಾಮಣ್ಣ.

ಆ ವರ್ಷ ಮಾರ್ಚಿನಲ್ಲಿ ಒಂದು ಮಧ್ಯಾಹ್ನ ನಲವತ್ತೊಂದು-ಏಳು ಇದ್ದಕ್ಕಿದ್ದಂತೆ ಸಾವಿರದ ನಾನೂರು ಸಾವು ತೋರಿಸಿತು. ಕೇಂದ್ರದಲ್ಲಿ ಗಾಬರಿ ಬಿತ್ತು. ಮೇಡಂ ದಿಲ್ಲಿಗೆ ಫೋನು ಹಚ್ಚಿದ್ದರು. ಆಗ ಮೂಲೆಯ ಮೇಜಿನಲ್ಲಿದ್ದ ಹೊಸ ಹುಡುಗಿ ಹುಲಿಗೆಮ್ಮ ನಗು ತಡೆಯಲಾರದೆ, ಅದು ಜ್ವರ ಅಲ್ಲರಿ, ಕಾಮಣ್ಣ ಸತ್ತಾನ, ಎಂದಳು. ಬಾಗಲಕೋಟೆಯ ಕಡೆ ಹೋಳಿ ಹಬ್ಬಕ್ಕೆ ಓಣಿಗೊಂದು ಕಾಮಣ್ಣನ ಅಣಕು ಹೆಣ ಹೊರುತ್ತಾರೆ, ಬಾಯಿ ಬಡಿದುಕೊಂಡು ಅಳುತ್ತಾರೆ, ಸಾವಿನ ಹಲಗಿಯನ್ನೇ ಬಾರಿಸುತ್ತಾರೆ. ಯಂತ್ರ ಪಾಪ ನಂಬಿತ್ತು. ಹುಡುಕಿದಾಗ ಇಂಥವು ಎಲ್ಲ ಕಡೆಯೂ ಸಿಕ್ಕವು. ಸ್ಪೇನಿನಲ್ಲಿ ಮೀನಿಗೆ ಶವಯಾತ್ರೆ ಮಾಡುವ ಹಬ್ಬವಿದೆ. ಗಂಟೆ ಬಡಿಯುವ ಅಭ್ಯಾಸ, ಶಾಲೆಯ ನಾಟಕ, ಸಿನಿಮಾದ ಚಿತ್ರೀಕರಣ, ಎಲ್ಲ ಕೂಡಿ ನೂರಕ್ಕೆ ಹನ್ನೆರಡು ಸಾವು ಸುಳ್ಳು. ಸುಳ್ಳು ಅಳುವನ್ನು ನಿಜವಾದ ಅಳುವಿನಿಂದ ಬೇರೆ ಮಾಡುವ ಜರಡಿಯೊಂದು ಬೇಕಿತ್ತು.

ಮೇಡಂ ಅವಳ ಜೊತೆ ಕರಿಹಾಳಕ್ಕೆ ಬಂದರು. ಬಂದು ಮಾದರ ಓಣಿಯ ಅವಳ ಮನೆಯ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತು, ಫಕೀರಪ್ಪನ ಹೆಂಡತಿ ಯಲ್ಲವ್ವ ಚಿಗವ್ವ ಬಡಿದ ರೊಟ್ಟಿ ತಿಂದು, ಇನ್ನೊಂದು ಕೇಳಿ ಹಾಕಿಸಿಕೊಂಡರು. ಆ ಮನೆಯಲ್ಲಿ ಹಾಗೆ ಕೂತು ಉಂಡ ಮೊದಲ ದೊಡ್ಡ ಮನುಷ್ಯರು ಅವರು. ಅವತ್ತಿನಿಂದ ಅವರು ಏನು ಹೇಳಿದರೂ ಹುಲಿಗೆಮ್ಮನಿಗೆ ವೇದವಾಯಿತು.

ಕಾಮಣ್ಣನಿಗೆ ಬಾರಿಸುವುದಕ್ಕೂ ಮನುಷ್ಯರಿಗೆ ಬಾರಿಸುವುದಕ್ಕೂ ಏನಾದರೂ ಫರಕು ಇದೆಯೇ ಎಂದು ಮೇಡಂ ಕೇಳಿದರು. ಇದೆ ಎಂದ ಯಮನಪ್ಪ. ಬಾರಿಸಿ ತೋರಿಸಿ ಎಂದಾಗ ಮಾತ್ರ ತಲೆ ಅಲ್ಲಾಡಿಸಿದ. ಹೆಣವಿಲ್ಲದೆ ಸಾವಿನ ಹಲಗಿ ಬಾರಿಸಿದರೆ ಅದು ಹೆಣ ಹುಡುಕಿಕೊಂಡು ಬರುತ್ತದೆ ಎಂಬುದು ಅವನ ಹಿರಿಯರ ಮಾತು. ಮೇಡಂ ಪೆಚ್ಚಾದದ್ದನ್ನು ನೋಡಿ ಫಕೀರಪ್ಪ ಎದ್ದು ಚಾಪೆ ಹಾಸಿದ.

"ನಾ ಸಾಯ್ತೀನಿ ತಗೋ ಅಣ್ಣಾ, ಒಂದ್ ಹತ್ತು ಮಿನಿಟು," ಎಂದು ಉದ್ದಕ್ಕೆ ಮಲಗಿ ಎದೆಯ ಮೇಲೆ ತನ್ನ ಹಲಗಿ ಇಟ್ಟುಕೊಂಡ.

"ಸಾಯೂದೂ ಪುಕ್ಕಟೆ ಸಾಯ್ತಾನ್ ನೋಡ್ರಿ ಇಂವ," ಎಂದಳು ಒಲೆಯ ಮುಂದಿನಿಂದ ಯಲ್ಲವ್ವ.

ಯಮನಪ್ಪ ಎರಡೂ ಹಲಗಿಗಳನ್ನು ಒಲೆಯ ಉರಿಗೆ ಹಿಡಿದು ಕಾಯಿಸಿದ. ತೊಗಲು ಬಿಗಿಯಾದ ಮೇಲೆ ಬಾರಿಸಿದ. ಅವನು ಕೇಳಬೇಕು, ತಮ್ಮ ಉತ್ತರ ಕೊಡಬೇಕು. ಹೆಣವಾಗಿ ಮಲಗಿದವನೇ ಎದೆಯ ಮೇಲಿನ ಹಲಗಿಯಿಂದ ಉತ್ತರ ಕೊಟ್ಟ. ಓಣಿಯ ಜನ ಕಿಟಕಿಯಲ್ಲಿ ಇಣುಕಿ ನಕ್ಕರು. ಹುಲಿಗೆಮ್ಮ ನಗುತ್ತಲೇ ದನಿಮುದ್ರಣದ ಯಂತ್ರ ಹಿಡಿದುಕೊಂಡಿದ್ದಳು.

"ಮೂರು ಪೆಟ್ಟು ನಂದ್ರಿ, ಮೂರು ಇವಂದು," ಎಂದು ಯಮನಪ್ಪ ಮೇಡಂಗೆ ತಿಳಿಸಿ ಹೇಳಿದ. "ನಡಕ ಒಂದ್ ಪೆಟ್ಟು ಬಿಡ್ತೀವಿ. ಅದು ಸತ್ತಾವ್ರ ಪಾಲಿಂದು. ಕಾಮಣ್ಣಗ ಬಿಡೂದಿಲ್ರಿ ಅಕ್ಕಾರ. ಅಂವ ಬರೂ ವರ್ಷ ಮತ್ತ ಬರ್ತಾನ, ಅಂವಗ್ಯಾಕ್ ಪಾಲು?"

ಆ ಬಿಟ್ಟ ಪೆಟ್ಟಿನಿಂದಲೇ ಜರಡಿ ಹುಟ್ಟಿತು. ಹುಲಿಗೆಮ್ಮ ಎಂಟು ತಿಂಗಳು ಕೂತು ಸಾವಿರಾರು ಮುದ್ರಣಗಳನ್ನು ಅಳೆದಳು. ಕರಿಹಾಳದಲ್ಲಿ ತಿಳಿದು ಬಿಡುತ್ತಿದ್ದ ಆ ಬಿಡುವು ಬೇರೆ ಕಡೆಗಳಲ್ಲಿ ತಿಳಿಯದೆಯೇ ಬೀಳುತ್ತಿತ್ತು. ನಿಜವಾದ ಸಾವಿಗೆ ಗಂಟೆ ಎಳೆಯುವವನ ಕೈ, ಡೋಲು ಬಡಿಯುವವನ ಕೈ, ಒಂದು ಗಳಿಗೆ ತಡೆಯುತ್ತಿತ್ತು. ಅರ್ಧ ಸೆಕೆಂಡು. ಅಷ್ಟು ಬಿಡುವು ಇದ್ದರೆ ಸಾವು, ಇಲ್ಲದಿದ್ದರೆ ಹೊಟ್ಟು. ಮೇಡಂ ಅದಕ್ಕೆ ಕಾಮಣ್ಣನ ಜರಡಿ ಎಂದೇ ಹೆಸರಿಟ್ಟು, ಪ್ರಬಂಧದಲ್ಲಿ ಹುಲಿಗೆಮ್ಮನ ಹೆಸರನ್ನು ತಮ್ಮ ಹೆಸರಿಗಿಂತ ಮೊದಲು ಹಾಕಿದರು.

ಅವಳು ಒಂದು ಟಿಪ್ಪಣಿಯನ್ನೂ ಬರೆದಿದ್ದಳು, ಅರ್ಧ ಪುಟದ್ದು. ರೋಗ ಜೋರಾದಾಗ ದಿನಕ್ಕೆ ಐದಾರು ಹೆಣ ಕಾಯುತ್ತಿರುತ್ತವೆ, ಬಾರಿಸುವವರ ಕೈ ಅವಸರಕ್ಕೆ ಬೀಳುತ್ತದೆ, ಬಿಡುವು ಸಣ್ಣದಾಗುತ್ತದೆ. ಅಂಥ ಹೊತ್ತಿಗೆ ಜರಡಿಯ ಅಳತೆಯನ್ನು ಇಳಿಸಬೇಕು. ಇಲ್ಲದಿದ್ದರೆ ಹೆಚ್ಚು ಸತ್ತಷ್ಟೂ ಕಡಿಮೆ ಲೆಕ್ಕ ಬರುತ್ತದೆ. ಮೇಡಂ ಓದಿ ಬೆನ್ನು ತಟ್ಟಿದ್ದರು.

ಮೂರು ಹಗಲ ಜ್ವರ ಬಂದದ್ದು ಕಳೆದ ಚಳಿಗಾಲದಲ್ಲಿ. ಅದಕ್ಕೆ ವೈದ್ಯರು ಇಟ್ಟ ಉದ್ದನೆಯ ಹೆಸರೊಂದಿತ್ತು, ಆದರೆ ಮೂರನೆಯ ಹಗಲು ದಾಟಿದವನು ಬದುಕಿದ ಎಂಬುದರಿಂದ ಜನರ ಹೆಸರೇ ನಿಂತಿತು. ಗೋಡೆಯ ಮೇಲೆ ದೇಶಗಳ ಗೆರೆಗಳು ಒಂದೊಂದಾಗಿ ಎದ್ದವು. ಹದಿನಾರನೆಯ ದೇಶ ಎದ್ದಿತು, ಇಪ್ಪತ್ತೆರಡು ಎದ್ದಿತು, ನಲವತ್ತೊಂದು ಎದ್ದಿತು. ಕರಿಹಾಳದಲ್ಲಿ ಸಂತೆ ನಿಂತಿತು. ಮಗಳ ಮಾತಿಗೆ ಕಟ್ಟುಬಿದ್ದು ಯಮನಪ್ಪ, ಫಕೀರಪ್ಪ ಇಬ್ಬರೂ ಹಲಗಿ ಗೋಡೆಗೆ ತೂಗುಹಾಕಿದರು. ಅದು ಯಮನಪ್ಪನಿಗೆ ಸುಲಭದ ಕೆಲಸವಾಗಿರಲಿಲ್ಲ. ಮದುವೆಗೆ ಕರೆದರೆ ಒಲ್ಲೆ ಅನ್ನಬಹುದು, ಸಾವಿಗೆ ಕರೆದರೆ ಒಲ್ಲೆ ಅನ್ನುವ ಹಾಗಿಲ್ಲ ಎಂದು ನಂಬಿದ ಮನುಷ್ಯ ಅವನು. ಕಾಲೇಜಿನಲ್ಲಿದ್ದಾಗ ಹುಲಿಗೆಮ್ಮ ಇದಕ್ಕಾಗಿ ಜಗಳ ತೆಗೆದಿದ್ದಳು. ಅದು ಊರವರು ನಮ್ಮ ಕೊರಳಿಗೆ ಕಟ್ಟಿದ ಬಿಟ್ಟಿ ಚಾಕರಿ, ಅದನ್ನು ಧರ್ಮ ಅನ್ನಬೇಡ, ಎಂದಿದ್ದಳು. ಊರವರಿಗೆ ಬಾರಿಸೂದಿಲ್ಲ ನಾ, ಸತ್ತಾವ್ರಿಗೆ ಬಾರಿಸ್ತೀನಿ, ಎಂದಿದ್ದ ಅವನು.

ನಾಲ್ಕು ತಿಂಗಳ ಮೇಲೆ ಗೆರೆ ಇಳಿಯಿತು. ಮೊದಲು ಹದಿನಾರು, ಆಮೇಲೆ ಇಪ್ಪತ್ತೆರಡು, ಒಂದರ ಹಿಂದೆ ಒಂದು. ನಲವತ್ತೊಂದು-ಏಳು ಹಸಿರಿಗೆ ಬಂತು. ಕೇಂದ್ರದಲ್ಲಿ ಪೇಡೆ ಹಂಚಿದರು. ಊರಲ್ಲಿ ಟೀವಿಯೂ ಅದನ್ನೇ ಹೇಳಿತು, ಆದರೆ ಫಕೀರಪ್ಪ ಟೀವಿ ನಂಬುವ ಆಸಾಮಿಯಲ್ಲ. ಅವನೇ ಫೋನು ಮಾಡಿ ಕೇಳಿದ: "ಟೀವಿ ಸುಡು, ನೀ ಹೇಳವಾ. ನಿನ್ನ ಗ್ವಾಡಿ ಏನಂತೈತಿ? ಬಾರಿಸಾಕ ಹ್ವಾದ್ರ ನಡೀತೈತೇನು?"

"ಇಳದೈತಿ ಕಾಕಾ," ಎಂದಿದ್ದಳು ಅವಳು. "ಹೋಗ್ರಿ."

ಹೋದರು. ಇಪ್ಪತ್ತು ದಿನ ಒಂದು ಮಸಣದಿಂದ ಇನ್ನೊಂದು ಮಸಣಕ್ಕೆ ಹೋದರು. ಸಾವು ಇನ್ನೂ ಬಾಳ ಅದಾವಲ್ಲವಾ, ಎಂದು ಅಪ್ಪ ಒಮ್ಮೆ ಅಂದದ್ದುಂಟು. ಅವಳು ಗೋಡೆ ನೋಡಿ, ಹಳೇ ರೋಗಿಗಳು ಇರಬೇಕಪ್ಪಾ, ಎಂದು ಸಮಾಧಾನ ಹೇಳಿದ್ದಳು. ಆಮೇಲೆ ಏಳು ಗಂಟೆ ನಾಲ್ಕು ನಿಮಿಷದ ಮದುವೆ ಬಡಿತ ನಿಂತಿತು. ಮೂರನೆಯ ಹಗಲನ್ನು ಫಕೀರಪ್ಪ ದಾಟಲಿಲ್ಲ.

ಈಗ ಅವಳು ಫೋನು ಮೇಜಿನ ಮೇಲೆ ಇಟ್ಟು ಹೊಟ್ಟಿನ ಬುಟ್ಟಿ ತೆರೆದಳು. ವಾರದ ಪಾಳಿ ಮುಗಿಯದೆ ಯಾರನ್ನೂ ಗಿರಣಿಯಿಂದ ಹೊರಗೆ ಬಿಡುತ್ತಿರಲಿಲ್ಲ, ಮಣ್ಣಿಗೆ ಹೋಗಲಾಗದ ಸಂಕಟ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ಆ ಮೂರು ಸೆಕೆಂಡು ಅವಳನ್ನು ಕೊರೆಯುತ್ತಿತ್ತು. ಅವಸರದ ಕೈ ಎಂದು ಯಂತ್ರ ತಪ್ಪಿದ್ದರೆ ತಪ್ಪಲಿ. ಅಪ್ಪ ಇವತ್ತು ಅವಸರ ಮಾಡಿರಲಿಲ್ಲ. ಉತ್ತರ ಕೊಡಬೇಕಾದವನು ಕುಣಿಯೊಳಗಿದ್ದ, ಅಪ್ಪ ಅವನ ಮೂರು ಪೆಟ್ಟಿನ ಜಾಗವನ್ನೂ ಖಾಲಿ ಬಿಟ್ಟು ಬಾರಿಸಿದ್ದ. ಅರ್ಧ ಸೆಕೆಂಡಿನ ಜರಡಿಯಲ್ಲಿ ಮೂರು ಸೆಕೆಂಡಿನ ಬಿಡುವು ತಿರಸ್ಕಾರವಾಗುವುದು ಸಾಧ್ಯವೇ ಇರಲಿಲ್ಲ.

ಬುಟ್ಟಿಯಲ್ಲಿ ಅದು ಇತ್ತು. ಹನ್ನೊಂದು ಗಂಟೆ ಎಂಟು ನಿಮಿಷ, ಸಾವಿನ ಹಲಗಿ, ತಿರಸ್ಕೃತ. ಅದರ ಮೇಲೆ ನಿನ್ನೆಯದು, ಮೊನ್ನೆಯದು. ಅವಳು ಒಂದೊಂದನ್ನೇ ಕೇಳುತ್ತ ಹಿಂದಕ್ಕೆ ಹೋದಳು. ಅಪ್ಪ ಕೇಳುತ್ತಾನೆ, ಬಿಡುವು, ಕಾಕಾ ಉತ್ತರ ಕೊಡುತ್ತಾನೆ. ಅಪ್ಪ ಕೇಳುತ್ತಾನೆ, ಬಿಡುವು, ಕಾಕಾ ಉತ್ತರ ಕೊಡುತ್ತಾನೆ. ನಡುನಡುವೆ ಬೆಳಗಿನ ಮದುವೆ ಬಡಿತ. ಬೇರೆ ಊರುಗಳ ಬೇರೆ ಕೈಗಳು. ಇಪ್ಪತ್ತು ದಿನಕ್ಕೆ ಅವಳ ಸೀಮೆಯೊಂದರಲ್ಲೇ ಇನ್ನೂರ ಹನ್ನೊಂದು ಸಾವು, ಕಾಮಣ್ಣನ ಜೊತೆ ಒಂದೇ ಬುಟ್ಟಿಯಲ್ಲಿ.

ಅಳತೆಯ ಪುಟ ತೆರೆಯಲು ಅವಳಿಗೆ ಅಧಿಕಾರವಿತ್ತು, ಕಟ್ಟಿದವಳೇ ಅವಳು. ನಲವತ್ತೊಂದು-ಏಳರ ಮುಂದೆ ಅರ್ಧ ಸೆಕೆಂಡು ಇರಲಿಲ್ಲ. ಒಂಬತ್ತು ಸೆಕೆಂಡು ಇತ್ತು. ಹದಿನಾರಕ್ಕೆ ಒಂಬತ್ತು, ಇಪ್ಪತ್ತೆರಡಕ್ಕೆ ಒಂಬತ್ತು. ಒಟ್ಟು ಹನ್ನೊಂದು ದೇಶಗಳಿಗೆ ಒಂಬತ್ತು. ಯಾವ ಮನುಷ್ಯನ ಕೈಯೂ ಎರಡು ಪೆಟ್ಟಿನ ನಡುವೆ ಒಂಬತ್ತು ಸೆಕೆಂಡು ತಡೆಯುವುದಿಲ್ಲ. ಬದಲಾವಣೆಗೆ ಆಧಾರ ಎಂಬ ಕಡೆ ಒಂದು ಸಾಲು ಬರೆದಿತ್ತು: ಹುಲಿಗೆಮ್ಮ ಯ. ಮಾದರ ಅವರ ಟಿಪ್ಪಣಿಯಂತೆ. ಕೆಳಗೆ ಮೇಡಂ ಸಹಿ.

ಮರುದಿನ ಬೆಳಿಗ್ಗೆ ಪಾಳಿ ಮುಗಿಸಿ ಅವಳು ಮೇಡಂ ಕೋಣೆಗೆ ಹೋದಾಗ ವತ್ಸಲಾ ಕುಲಗೋಡರು ಕಿಟಕಿಯ ಹತ್ತಿರ ನಿಂತಿದ್ದರು. ಅವರ ಮೇಜಿನ ಮೇಲೆ ಗಾಜಿನ ಲೋಟದಲ್ಲಿ ಎರಡು ಹಲಗಿ ಕೋಲು ಇದ್ದವು, ಒಂದು ದಪ್ಪನೆಯದು, ಒಂದು ಕಡ್ಡಿಯಷ್ಟು ಸಣ್ಣದು. ಫಕೀರಪ್ಪ ಅವತ್ತು ಕೊಟ್ಟು ಕಳಿಸಿದವು.

"ಕೂಡು," ಎಂದರು. "ಸುದ್ದಿ ಕೇಳಿದೆ. ಬಾಳ ಕೆಟ್ಟ ಅನಿಸ್ತು."

ಅವಳು ಕೂಡಲಿಲ್ಲ. ಒಂಬತ್ತು ಯಾಕೆ ಎಂದಷ್ಟೇ ಕೇಳಿದಳು.

ಅವರು ಏನನ್ನೂ ಮುಚ್ಚಿಡಲಿಲ್ಲ. ಹನ್ನೊಂದು ದೇಶಗಳು ಒಂದೇ ವಾರದಲ್ಲಿ ಪತ್ರ ಬರೆದಿದ್ದವು. ಗೋಡೆಯ ಅಂಕಿಯಿಂದ ವ್ಯಾಪಾರ ನಿಂತಿದೆ, ಜನ ದಂಗೆ ಏಳುತ್ತಿದ್ದಾರೆ. ಅಂಕಿ ಇಳಿಯದಿದ್ದರೆ ಪೆಟ್ಟಿಗೆಗಳನ್ನು ಕಿತ್ತು ಬಿಸಾಡುತ್ತೇವೆ. ಕಿತ್ತರೆ ಮತ್ತೆ ಹತ್ತು ವರ್ಷ ಕಿವಿ ಕೂಡುವುದಿಲ್ಲ, ಮುಂದಿನ ರೋಗ ಬಂದಾಗ ಜಗತ್ತು ಮತ್ತೆ ಕಿವುಡು. ಕೆಲವು ವಾರ ಅಂಕಿ ಬಿಟ್ಟುಕೊಟ್ಟು ಕಿವಿ ಉಳಿಸಿಕೊಂಡೆ ಎಂದರು. ಬಿಟ್ಟುಕೊಡಲು ಒಂದು ವೈಜ್ಞಾನಿಕ ನೆಪ ಬೇಕಿತ್ತು, ರೋಗ ಜೋರಾದಾಗ ಅಳತೆ ಬದಲಿಸಬೇಕು ಎಂದು ಅವಳೇ ಬರೆದಿದ್ದಳು. ಇಳಿಸು ಎಂದಿದ್ದಳು, ಅವರು ಏರಿಸಿದರು.

"ನಮ್ಮಪ್ಪ, ನಮ್ಮ ಕಾಕಾ ಅಲ್ಲೇ ಇದ್ದಾರಂತ ನಿಮಗ ಗೊತ್ತಿತ್ತು ಮೇಡಂ."

"ಗ್ವಾಡಿ ನೋಡಿ ನೀ ಮನ್ಯಾಗಿನಾವ್ರಿಗೆ ಹೋಗ್ರಿ ಅಂತ ಹೇಳ್ತಿ ಅಂತ ನನಗ ಹೊಳೀಲೇ ಇಲ್ಲ, ಹುಲಿಗೆಮ್ಮಾ."

"ಮತ್ತ ಗ್ವಾಡಿ ಯಾರಿಗೆ?"

ಮೇಡಂ ಲೋಟದಲ್ಲಿದ್ದ ಸಣ್ಣ ಕೋಲನ್ನು ತೆಗೆದು ನೋಡಿ ಮತ್ತೆ ಇಟ್ಟರು. ಆಮೇಲೆ ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದರು. ಅದು ಸಿದ್ಧವಾಗಿಯೇ ಇತ್ತು ಎಂಬುದನ್ನು ಹುಲಿಗೆಮ್ಮ ಗಮನಿಸಿದಳು.

ಹನ್ನೊಂದು ದೇಶಗಳೂ ಈಗ ಒಪ್ಪಿದ್ದವು. ಜ್ವರ ಇಳಿಯುತ್ತ ಬಂದಿತ್ತು, ಹಳೆಯ ಅಂಕಿಗಳನ್ನು ಸದ್ದಿಲ್ಲದೆ ಸರಿಪಡಿಸಿಕೊಂಡರೆ ಅವರ ತಕರಾರಿಲ್ಲ. ಬುಟ್ಟಿಯಲ್ಲಿ ಬಿದ್ದ ಸಾವುಗಳನ್ನೆಲ್ಲ ಮತ್ತೆ ಎತ್ತಿ ಗೋಡೆಗೆ ಏರಿಸಬಹುದು, ಫಕೀರಪ್ಪನನ್ನೂ. ಆದರೆ ತಪ್ಪು ಎಲ್ಲಿತ್ತು ಎಂದು ಜಗತ್ತಿಗೆ ಒಂದು ಮಾತು ಹೇಳಬೇಕಲ್ಲ. ಅದು ಕಾಗದದಲ್ಲಿತ್ತು: ಕಾಮಣ್ಣನ ಜರಡಿಗೆ ಆಧಾರವಾದ ಮೂಲ ದನಿಮುದ್ರಣದಲ್ಲಿ ವಾದಕರ ದೋಷ ಕಂಡುಬಂದಿದೆ, ವಾದಕರಿಂದ ಹೊಸದಾಗಿ ಸರಿಯಾದ ಮುದ್ರಣ ಪಡೆದು ಜರಡಿಯನ್ನು ತಿದ್ದಲಾಗಿದೆ. ಯಮನಪ್ಪ ಇನ್ನೊಮ್ಮೆ ಬಾರಿಸಿ ಒಂದು ಹೆಬ್ಬೆಟ್ಟು ಒತ್ತಿದರೆ ಮುಗಿಯಿತು. ಹೊಸ ಜರಡಿಗೆ ಅವನ ಹೆಸರಿಡುತ್ತೇವೆ, ಜಿನೀವಾದಲ್ಲಿ ಅದನ್ನು ತೋರಿಸುವ ದಿನ ಅವನನ್ನೂ ಕರೆದೊಯ್ಯುತ್ತೇವೆ ಎಂದರು ಮೇಡಂ. ಇಲ್ಲದಿದ್ದರೆ, ನಿಜ ಹೊರಗೆ ಬಂದರೆ, ಸಹಿ ನನ್ನದಿದ್ದರೂ ಟಿಪ್ಪಣಿ ನಿನ್ನದು ಎಂದೂ, ಬಹಳ ಮೆತ್ತಗೆ, ಹೇಳಿದರು. ಪೆಟ್ಟಿಗೆಗಳಂತೂ ಅವತ್ತೇ ನೆಲಕ್ಕೆ ಬೀಳುತ್ತವೆ, ಅವುಗಳ ಜೊತೆ ಆ ಸಾವುಗಳೂ.

ಅವಳು ಕಾಗದ ಮಡಿಚಿ ಚೀಲಕ್ಕೆ ಹಾಕಿಕೊಂಡಳು. ದನಿಮುದ್ರಣದ ಯಂತ್ರವನ್ನೂ ಹಾಕಿಕೊಂಡಳು. ಕೇಂದ್ರದ ಕಾರು ಕೊಡುತ್ತೇನೆ ಎಂದಾಗ ಬೇಡವೆಂದು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮೇಡಂ ಮೇಲಿನ ಸಿಟ್ಟು ಕುದಿಯಿತು. ಆದರೂ ಯಂತ್ರ ಯಾಕೆ ತಂದೆ ಎಂದು ತನ್ನನ್ನೇ ಕೇಳಿಕೊಂಡಾಗ ಬಂದ ಉತ್ತರ ಒಂದೇ. ಕಾಕಾ ಎಣಿಕೆಗೆ ಬರ್ತಾನ. ತನ್ನ ಮಾತು ಕೇಳಿ ಹೋಗಿ ಸತ್ತವನು ಸತ್ತ ಎಂದಾದರೂ ಬರೆಸಬೇಕು.

ಕರಿಹಾಳದಲ್ಲಿ ಅವತ್ತು ಫಕೀರಪ್ಪ ಸತ್ತ ಮೂರನೆಯ ದಿನ. ಎಡೆ ಇಟ್ಟು ಬಂದು ಜನ ಹೋಗಿದ್ದರು. ಯಲ್ಲವ್ವ ಬಾಗಿಲ ಕಂಬಕ್ಕೆ ಒರಗಿ ಕೂತಿದ್ದಳು. ಹುಲಿಗೆಮ್ಮನನ್ನು ನೋಡಿ ಅಳಲಿಲ್ಲ.

"ಬಾರವಾ ಲೆಕ್ಕದಾಕಿ," ಎಂದಳು. "ನಿನ್ನ ಗ್ವಾಡಿ ಆರಾಮ ಐತಿಲ್ಲ?"

ಆ ಮಾತಿಗೆ ತಲೆ ತಗ್ಗಿಸಿ ಅವಳು ಒಳಗೆ ಹೋದಳು. ಅಪ್ಪ ಒಲೆಯ ಹತ್ತಿರ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಮೇಲೆ ಮೊಳೆಗೆ ಎರಡು ಹಲಗಿ ತೂಗುತ್ತಿದ್ದವು. ಅವನಿಗೆ ಜ್ವರ ಬಂದಿರಲಿಲ್ಲ. ಅದನ್ನೇ ಒಂದು ಅಪರಾಧದಂತೆ ಹೇಳಿಕೊಂಡ. ತಮ್ಮ ಒಂದೇ ಲೋಟದಲ್ಲಿ ನೀರು ಕುಡಿದವನು, ಒಂದೇ ಬೀಡಿ ಸೇದಿದವನು. ಅವನನ್ನು ಹಿಡಿದ ಜ್ವರ ತನ್ನನ್ನು ಹೇಗೆ ಬಿಟ್ಟಿತೋ ತಿಳಿಯದು ಎಂದ.

ಹುಲಿಗೆಮ್ಮ ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು. ಅರ್ಧ ಸೆಕೆಂಡು ಹೇಳಿದಳು, ಒಂಬತ್ತು ಸೆಕೆಂಡು ಹೇಳಿದಳು. ಯಾರು ಏರಿಸಿದರು, ಯಾಕೆ ಏರಿಸಿದರು, ಯಾರ ಹೆಸರಿನಲ್ಲಿ ಏರಿಸಿದರು ಎಂಬುದನ್ನೂ ಹೇಳಿದಳು. ಏನನ್ನೂ ಬಿಡಲಿಲ್ಲ. ಯಲ್ಲವ್ವ ಬಾಗಿಲಲ್ಲೇ ಕೂತು ಕೇಳಿಸಿಕೊಂಡಳು. ಯಮನಪ್ಪ ನಡುವೆ ಒಮ್ಮೆ ಮಾತ್ರ ಬಾಯಿ ತೆರೆದು, ಅಕ್ಕಾರು ಅವತ್ತು ಎರಡು ರೊಟ್ಟಿ ಉಂಡಿದ್ದರಲ್ಲ, ಎಂದ.

ಅವಳು ಕಾಗದ ತೆಗೆದು ಓದಿದಳು. ದೋಷ ಎಂಬಲ್ಲಿಗೆ ಬಂದಾಗ ಅವನು ಕೈ ಎತ್ತಿ ತಡೆದ.

"ದೋಷ ಅಂದ್ರ?"

"ತಪ್ಪು, ಅಪ್ಪಾ."

"ಯಾರ್ದು?"

ಅವಳು ಕಾಗದದ ಆ ಸಾಲಿನ ಮೇಲೆ ಬೆರಳಿಟ್ಟಳು. ಅದರಲ್ಲಿ ಬರೆದದ್ದನ್ನು ಅವಳು ದಾರಿಯಲ್ಲಿ ನಾಲ್ಕು ಸಲ ಓದಿದ್ದಳು; ಗಟ್ಟಿಯಾಗಿ ಓದಬೇಕಾಗಿ ಬಂದದ್ದು ಈಗ. "ಬಾರಿಸಿದಾವ್ರದು ಅಂತ ಬರದಾರ," ಎಂದಳು. ಕೂಡಲೇ ಮುಂದಿನದನ್ನೂ ಹೇಳಿದಳು, ಒಂದೇ ಉಸಿರಿಗೆ: ಅದು ಕಾಗದದ ಮಾತು, ಅದನ್ನು ಯಾರು ನಂಬುತ್ತಾರೆ, ಒಂದು ಸಲ ಬಾರಿಸಿದರೆ ಹನ್ನೊಂದು ದೇಶಗಳ ಲಕ್ಷಗಟ್ಟಲೆ ಸತ್ತವರು ಬುಟ್ಟಿಯಿಂದ ಹೊರಗೆ ಬರುತ್ತಾರೆ, ನಮ್ಮ ಸೀಮೆಯ ಇನ್ನೂರ ಹನ್ನೊಂದು ಸಾವು ಬರುತ್ತವೆ, ಕಾಕಾ ಬರುತ್ತಾನೆ. ಬಾರಿಸದಿದ್ದರೆ ಅವರು ಯಾರೂ ಸತ್ತಿಲ್ಲ ಎಂದೇ ಉಳಿಯುತ್ತದೆ.

ಯಮನಪ್ಪ ಮಗಳ ಮುಖ ನೋಡಿದ. ಆಮೇಲೆ ಅವನ ಕಣ್ಣು ಅವಳ ಚೀಲದಿಂದ ಇಣುಕುತ್ತಿದ್ದ ಯಂತ್ರದ ಮೇಲೆ ಬಿತ್ತು.

"ಸತ್ತಾವ್ರ ಪಾಲಿನ ಪೆಟ್ಟು ಐತಂತ ನಿನಗ ಯಾರ್ ಹೇಳಿದ್ರು?" ಎಂದು ಕೇಳಿದ.

"ನೀನ."

"ನಮ್ಮ ಓಣಿ ಹೊರಗಿನಾವ್ರಿಗೆ ಅದು ಗೊತ್ತಿರಲಿಲ್ಲ ಹುಲಿಗಿ. ನೀ ಕರಕೊಂಡ್ ಬಂದಿ ಅಂತ ಹೇಳ್ದೆ. ಅದನ್ನ ಹಿಡಕೊಂಡ ಸತ್ತಾವ್ರನ್ನ ಕಾಮಣ್ಣನ ಮಾಡಿದ್ರು." ಅವನ ದನಿ ಏರಲಿಲ್ಲ. "ಅವತ್ತ ಫಕ್ಯಾ ಮಲಗಿದ್ದ. ಇವತ್ತ ಯಾರ್ ಮಲಗ್ಬೇಕು?"

"ಯಾರೂ ಮಲಗೂದು ಬ್ಯಾಡ. ನೀ ಒಬ್ಬಾವನ ಬಾರಿಸಿದ್ರೂ ನಡೀತೈತಂತ, ಉತ್ತರ ನಾವು ಯಂತ್ರದಾಗ ಕೂಡಸ್ತೀವಿ. ಕಾಕಾಂದು ಹಳೇದು ಐತಿ, ಅವಂದ ಕೈ." ಹೇಳುತ್ತ ಹೇಳುತ್ತ ಅವಳಿಗೇ ತನ್ನ ಮಾತು ಬೇರೆ ಯಾರದೋ ಮಾತಿನಂತೆ ಕೇಳಿಸಿತು, ಆದರೂ ನಿಲ್ಲಿಸಲಾಗಲಿಲ್ಲ. "ಇದು ಸಾವಿಂದ ಕೆಲಸ, ಅಪ್ಪಾ. ಕಾಕಾಂದ. ಸಾವಿಗೆ ಕರದ್ರ ಒಲ್ಲೆ ಅನಬಾರದಂತ ನೀನ ಹೇಳ್ತಿದ್ದಿ."

ಬಾಗಿಲಲ್ಲಿ ಯಲ್ಲವ್ವ ತಲೆ ಎತ್ತಿದಳು.

ಯಮನಪ್ಪ ಎದ್ದ. ಮೊಳೆಯಿಂದ ಎರಡೂ ಹಲಗಿ ಇಳಿಸಿದ. ಕಾಯಿಸಲು ಒಲೆಯ ಕಡೆ ಹೋಗುತ್ತಾನೆಂದು ಹುಲಿಗೆಮ್ಮ ಯಂತ್ರ ಹೊರಗೆ ತೆಗೆದು ಚಾಪೆಯ ಮೇಲೆ ಇಟ್ಟಳು, ಅದರ ಸಣ್ಣ ಕೆಂಪು ದೀಪ ಹೊತ್ತಿಕೊಂಡಿತು. ಅವನು ಒಲೆಯ ಕಡೆ ಹೋಗಲಿಲ್ಲ. ತಮ್ಮನ ಹಲಗಿಯನ್ನು ಯಲ್ಲವ್ವನ ಮಡಿಲಲ್ಲಿ ಇಟ್ಟ. ತನ್ನದನ್ನು ಬೋರಲು ಮಾಡಿ ನೆಲದ ಮೇಲೆ ಇಟ್ಟು, ಅದರ ಪಕ್ಕದಲ್ಲಿ ಕೂತು, ಕೈ ಎರಡನ್ನೂ ಕಂಕುಳಲ್ಲಿ ಸೇರಿಸಿಕೊಂಡ.

"ಒಲ್ಲೆ," ಎಂದ.